ಆಟಿ ಮಳೆ ದಾಟಿದ ಕ್ರಿಸ್‌ಮಸ್ ಟ್ರೀ

ಉಡುಪಿ ಹತ್ತಿರದ ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ನಾನು ಚಟ್ಟಿಯಲ್ಲಿ ಕ್ರಿಸ್‌ಮಸ್ ಟ್ರೀ ಆಗುವ ಅರೌಕೇರಿಯಾ ಸಾಕುತ್ತೇನೆ ಅಂದಾಗ ಎಲ್ಲರದ್ದೂ ಒಂದೇ ಮಾತು: ಅದು ಬೆಂಗಳೂರಿನ ಹವೆಯ ಗಿಡ, ನಮ್ಮ ಕರಾವಳಿಯ ಆಟಿ ತಿಂಗಳ ಮಳೆಗೆ ಉಳಿಯುವುದಿಲ್ಲ. ಈಗ ಅದೇ ಗಿಡ ನನ್ನ ಎತ್ತರಕ್ಕೆ ಬಂದಿದೆ. ಪ್ರತಿ ಕ್ರಿಸ್‌ಮಸ್‌ಗೆ ಒಳಗೆ ಬಂದು, ಮತ್ತೆ ಅಂಗಳಕ್ಕೆ ಹೋಗುತ್ತದೆ.

ಪ್ಲಾಸ್ಟಿಕ್ ಟ್ರೀ ನಮ್ಮಲ್ಲೂ ಇತ್ತು. 5 ಅಡಿಯದ್ದು, ಸುಮಾರು 2,000 ರೂಪಾಯಿ ಕೊಟ್ಟ ನೆನಪು. ಕರಾವಳಿಯ ತೇವಕ್ಕೆ ಸ್ಟ್ಯಾಂಡ್ ಬೇಗ ತುಕ್ಕು ಹಿಡಿಯಿತು. ಅಟ್ಟದಿಂದ ಇಳಿಸಿದರೆ ಮನೆಯೆಲ್ಲ ಮುಗ್ಗಲು ವಾಸನೆ. ಗುಜರಿಯವರೂ ಬೇಡ ಅಂದರು. ಗಾಳಿ ಮರದ ಕೊಂಬೆ ಕಡಿದು ತಂದರೆ ಖರ್ಚೇ ಇಲ್ಲ, ಆದರೆ ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಯ ಡಬ್ಬ ಖಾಲಿಯಾಗುವ ಮೊದಲೇ ಒಣಗಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಮೇಲೆಲ್ಲ ಉದುರುತ್ತದೆ.

ಅರೌಕೇರಿಯಾಕ್ಕೆ ಮೊದಮೊದಲು ಹಾಕಿದ ದುಡ್ಡೆಲ್ಲ ಹೋಯಿತು. 3 ಅಡಿಯ ಗಿಡಕ್ಕೆ 700ರ ಹತ್ತಿರ. ಜುಲೈ ಬಂತೆಂದರೆ ಬುಡದ ಕೊಂಬೆ ಹಳದಿಯಾಗಿ ಉದುರುತ್ತಿತ್ತು. ಉದುರಿದ ಕೊಂಬೆ ಈ ಗಿಡದಲ್ಲಿ ಮತ್ತೆ ಚಿಗುರುವುದಿಲ್ಲ, ಅಲ್ವಾ? ಸತ್ತ ಗಿಡವೊಂದನ್ನು ಚಟ್ಟಿಯಿಂದ ಬಗ್ಗಿಸಿ ನೋಡಿದೆ. ಹೊರಗೆ ನನ್ನ ಕೆಂಪು ಮಣ್ಣು ಸಡಿಲವಾಗಿದೆ. ಒಳಗೆ ಮಾತ್ರ ಗಿಡದ ಜತೆ ಬಂದ ಜಿಗುಟು ಮಣ್ಣಿನ ಉಂಡೆ, ತೆಂಗಿನಕಾಯಿ ಗಾತ್ರದ್ದು. ಒಡೆದರೆ ಬೇರೆಲ್ಲ ಕಂದಾಗಿ ಕೊಳೆತು ನಾರುತ್ತಿದೆ. ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುವ ಗಿಡಗಳಲ್ಲಿ ಈ ಉಂಡೆ ಜಾಸ್ತಿ. ದೂರದ ಪ್ರಯಾಣಕ್ಕೆ ಅದು ಒಳ್ಳೆಯದೇ. ನಮ್ಮ ಮಳೆಗಾಲದಲ್ಲಿ ಮಾತ್ರ ಆರುವುದೇ ಇಲ್ಲ.

ಈ ಗಿಡದ ತವರು ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪ. ಉಪ್ಪುಗಾಳಿ ಅದಕ್ಕೆ ಹೊಸದಲ್ಲ. ಕೊಲ್ಲುವುದು ಬುಡದಲ್ಲಿ ನಿಂತ ನೀರು.

ಇದು ಗೊತ್ತಾದಂದಿನಿಂದ ಮಳೆ ಬಿಟ್ಟ ಮೇಲೆಯೇ ಗಿಡ ತರುತ್ತೇನೆ. ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಇಟ್ಟು, ಉಂಡೆಯನ್ನು ಬೆರಳಿನಿಂದ ಮೆಲ್ಲಗೆ ಕರಗಿಸುತ್ತೇನೆ. ಸಣ್ಣ ಬೇರು ಹರಿಯಬಾರದು. ಆಮೇಲೆ ಮಲ್ಲಿಗೆಗೆ ಮಾಡುವ ಸುಡುಮಣ್ಣೇ ಅರ್ಧದಷ್ಟು, ಉಳಿದದ್ದು ದಪ್ಪ ಮರಳು, ಹಟ್ಟಿಗೊಬ್ಬರ, ಉಮಿ ಕರಿ. ಚಟ್ಟಿಯನ್ನು ಮುರಕಲ್ಲಿನ ಮೇಲೆ ಎತ್ತಿ ಇಡಬೇಕು, ಅಡಿಗೆ ತಟ್ಟೆ ಬೇಡ. ಮಳೆಗೆ ಮುಂಚೆ ಬುಡಕ್ಕೆ ಇನ್ನೊಂದು ಹಿಡಿ ಹಾಕುತ್ತೇನೆ. ಅದೇನೆಂದು ಸದ್ಯಕ್ಕೆ ಹೇಳುವುದಿಲ್ಲ.

ಸುಮ್ನೆ ನೋಡೋಣ ಅಂತ ಪಕ್ಕದ ಕೊಂಬೆಯನ್ನೂ ನೆಟ್ಟೆ. ಬೇರು ಬಂತು, ಆದರೆ ಗಿಡ ಅಡ್ಡಡ್ಡವೇ ಬೆಳೆಯಿತು, ನೆಟ್ಟಗಾಗಲೇ ಇಲ್ಲ. ಗೋದಲಿಯ ಬದಿಗೆ ಅದು ಬಹಳ ಚೆಂದ. ನೆತ್ತಿಯನ್ನು ಮಾತ್ರ ಯಾರೂ ಚಿವುಟಬೇಡಿ, ಆಕಾರವೇ ಹೋಗುತ್ತದೆ.

ಡಿಸೆಂಬರ್ 20ರ ಹೊತ್ತಿಗೆ ಒಳಗೆ ತಂದರೆ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಕಿಟಕಿ ಪಕ್ಕ, ಫ್ಯಾನಿನಿಂದ ದೂರ. ಎಲ್‌ಇಡಿ ಸರ ಮಾತ್ರ. ಹೊರಗೆ ಹಾಕುವಾಗ ಮೊದಲು ನೆರಳು, ಆಮೇಲೆ ಬಿಸಿಲು.

ಚಟ್ಟಿ, ಮಣ್ಣು ಸೇರಿ ಒಂದಕ್ಕೆ 1,200 ಬೀಳುತ್ತದೆ. ಕಳೆದ ವರ್ಷ ಕೆಲವನ್ನು 2,000ಕ್ಕೆ ಕೊಟ್ಟೆ. ಉಳಿಯುವುದಿಲ್ಲ ಅಂದವರೂ ಒಯ್ದಿದ್ದಾರೆ. ಈ ಮಳೆಗಾಲದಲ್ಲಿ ಅವರ ಗಿಡಗಳ ಒಂದು ಕೊಂಬೆಯೂ ಉದುರಲಿಲ್ಲ.