ಮನೆಕೂಟದಲ್ಲಿ ತಪ್ಪಿಹೋದ ಮಗನ ಕಥೆ: ನಾನು ಹೇಳುವ ಬಗೆ

ಈಸ್ಟರ್ ಮುಂಚಿನ ಉಪವಾಸಕಾಲ ಶುರುವಾಗುವ ಬೂದಿ ಬುಧವಾರ ಬಂತೆಂದರೆ ನಮ್ಮ ಹುಬ್ಬಳ್ಳಿ ಕಡೆಯ ಕ್ರೈಸ್ತ ಸಭೆಯಲ್ಲಿ ಮನೆಕೂಟಗಳು, ಅಂದರೆ ಮನೆಗಳಲ್ಲಿ ಸೇರುವ ಪ್ರಾರ್ಥನಾ ಕೂಟಗಳು, ಶುರು. ಈಸ್ಟರ್ ತನಕ, ಭಾನುವಾರಗಳನ್ನು ಬಿಟ್ಟು 40 ದಿನ. ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಎಲ್ಲ ಮನೆಗೂ ಬರಲು ಆಗುವುದಿಲ್ಲ. ಹಾಗಾಗಿ ವಾಕ್ಯ ಹೇಳುವ ಕೆಲಸ ನನ್ನಂಥವರ ಪಾಲಿಗೂ ಬರುತ್ತದೆ. ದೇವರ ಪ್ರೀತಿ, ರಕ್ಷಣೆ ಅಂತ ವಿಷಯ ಕೊಟ್ಟರೆ ನಾನು ಹಿಡಿಯುವುದು ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯವನ್ನು. ತಪ್ಪಿಹೋದ ಮಗನ ಕಥೆ.

ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿದ ಕಿರಿಯ ಮಗ ವಾಪಸ್ ಬಂದಾಗ ಅಪ್ಪ ಕರು ಕೊಯ್ಸಿ ಹಬ್ಬ ಮಾಡುತ್ತಾನೆ, ಮನೆಯಲ್ಲೇ ದುಡಿದ ಅಣ್ಣ ಸಿಟ್ಟಾಗುತ್ತಾನೆ. ನಮ್ಮ ಕೂಟದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಅದೇ ತೊಂದರೆ. ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದವರು ನಾನು ಬಾಯಿ ತೆರೆಯುವ ಮೊದಲೇ ಮನಸ್ಸಿನಲ್ಲಿ ಕಥೆ ಮುಗಿಸಿರುತ್ತಾರೆ. ಅದಕ್ಕೆ ನಾನು ಮಗನಿಂದ ಶುರು ಮಾಡುವುದಿಲ್ಲ. ಅಧ್ಯಾಯದ ಮೊದಲ ಎರಡು ವಚನ ಓದಿಸುತ್ತೇನೆ. ತೆರಿಗೆ ವಸೂಲಿ ಮಾಡುವ ಸುಂಕದವರು, ಪಾಪಿಗಳು ಅನ್ನಿಸಿಕೊಂಡವರು ಯೇಸುವಿನ ಮಾತು ಕೇಳಲು ಬರುತ್ತಿದ್ದಾರೆ. ಇಂಥವರ ಜೊತೆ ಕೂತು ಊಟ ಮಾಡುತ್ತಾನಲ್ಲ ಅಂತ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರು, ಅದನ್ನು ಕಲಿಸುವ ಶಾಸ್ತ್ರಿಗಳು ಗೊಣಗುತ್ತಿದ್ದಾರೆ. ಆ ಗೊಣಗಾಟಕ್ಕೆ ಉತ್ತರವಾಗಿ ಯೇಸು ಸಾಲಾಗಿ ಮೂರು ಕಥೆ ಹೇಳುತ್ತಾನೆ. 100 ಕುರಿಗಳಲ್ಲಿ ಒಂದು ತಪ್ಪಿಸಿಕೊಂಡದ್ದು, 10 ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆದದ್ದು, ಆಮೇಲೆ ಇಬ್ಬರು ಮಕ್ಕಳು. ಅಂದರೆ ಈ ಕಥೆಯನ್ನು ಹೇಳಿದ್ದು ಮನೆಬಿಟ್ಟು ಹೋದವರಿಗೆ ಮಾತ್ರ ಅಲ್ಲ. ಮನೆಯಲ್ಲೇ ಇದ್ದು ಗೊಣಗುತ್ತಿದ್ದವರಿಗೆ. ನಮ್ಮ ಕೂಟಕ್ಕೆ ಬರುವವರಲ್ಲಿ ಅಂಥವರೇ ಜಾಸ್ತಿ, ನನ್ನನ್ನೂ ಸೇರಿಸಿ.

ಕಿರಿಯ ಮಗ ಪಾಲು ಕೇಳಿದ ಅನ್ನುವಾಗ ನಾನು ನಮ್ಮ ಕಡೆ ಆಸ್ತಿ ಪಾಲಿಗೆ ಅನ್ನುವ ಹಾಗೆ 'ವಾಟ್ನಿ' ಅಂತಲೇ ಹೇಳುತ್ತೇನೆ. ಕೂಡಲೇ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಅಪ್ಪ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ವಾಟ್ನಿ ಕೇಳುವುದು ಅಂದರೇನು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಮೋಶೆಯ ಧರ್ಮಶಾಸ್ತ್ರದ ಧರ್ಮೋಪದೇಶಕಾಂಡ 21ನೇ ಅಧ್ಯಾಯದ ಪ್ರಕಾರ ಹಿರಿಯ ಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಾದರೆ ಕಿರಿಯನಿಗೆ ಸಿಗುವುದು ಮೂರರಲ್ಲಿ ಒಂದು. ಈ ಲೆಕ್ಕ ನೆನಪಿಟ್ಟುಕೊಳ್ಳಿ ಅಂತ ಹೇಳಿ ಮುಂದೆ ಹೋಗುತ್ತೇನೆ. ಆಮೇಲೆ ಬೇಕಾಗುತ್ತದೆ.

ದೂರದೇಶದಲ್ಲಿ ಅವನು ಏನೇನು ಮಾಡಿದ ಅನ್ನುವುದನ್ನು ಬಣ್ಣ ಕಟ್ಟಿ ಹೇಳುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ಕಥೆ ಅಲ್ಲಿ ಹೇಳುವುದು ಇಷ್ಟೇ: ದುಂದುಮಾಡಿ ಆಸ್ತಿ ಹಾಳುಮಾಡಿದ. ಸೂಳೆಯರ ಮಾತು ಬರುವುದು ಕೊನೆಗೆ, ಅದೂ ಅಣ್ಣನ ಬಾಯಿಂದ. ಅಣ್ಣ ಅಲ್ಲಿಗೆ ಹೋಗಿ ನೋಡಿಕೊಂಡು ಬಂದವನಲ್ಲ!

ಬರ ಬಂತು. ಹಂದಿ ಕಾಯುವ ಕೆಲಸ ಸಿಕ್ಕಿತು. ಹಂದಿ ಅಶುದ್ಧ ಅಂತ ಮೋಶೆಯ ಧರ್ಮಶಾಸ್ತ್ರದಲ್ಲಿದೆ, ಯೆಹೂದ್ಯ ಹುಡುಗನಿಗೆ ಅದಕ್ಕಿಂತ ಕೆಳಗಿನ ಕೆಲಸ ಇಲ್ಲ. ಅಲ್ಲಿ ಕೂತು ಅವನು ಅಪ್ಪನ ಮುಂದೆ ಆಡಬೇಕಾದ ಮಾತು ಜೋಡಿಸಿಕೊಳ್ಳುತ್ತಾನೆ. ಇಲ್ಲಿ ನಾನು ಪುಸ್ತಕವನ್ನು ಹುಡುಗರ ಕೈಗೆ ಕೊಡುತ್ತೇನೆ. ಒಬ್ಬರು 18 ಮತ್ತು 19ನೇ ವಚನ ಓದಬೇಕು, ಇನ್ನೊಬ್ಬರು 21ನೆಯದು. ಆಮೇಲೆ ಕೇಳುತ್ತೇನೆ: 'ಏನು ಕಮ್ಮಿ ಆಯ್ತು ಹೇಳ್ರಿ ನೋಡೋಣ.'

ಸಾಮಾನ್ಯವಾಗಿ ಶಾಲೆಗೆ ಹೋಗುವ ಮಕ್ಕಳೇ ಮೊದಲು ಹಿಡಿಯುತ್ತಾರೆ. ಹಂದಿಗಳ ಹತ್ತಿರ ಅವನು ಮೂರು ಮಾತು ಸಿದ್ಧ ಮಾಡಿಕೊಂಡಿದ್ದ. ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯವನ ಹಾಗೆ ಇಟ್ಟುಕೋ. ಅಪ್ಪನ ಮುಂದೆ ಬಂದದ್ದು ಎರಡೇ. ಕೂಲಿಯ ಮಾತು ಹೊರಗೆ ಬರುವಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಅಂಗಿ ತನ್ನಿ, ಉಂಗುರ ತನ್ನಿ, ಕೆರ ತನ್ನಿ ಅಂತ ಶುರು ಮಾಡಿದ್ದಾನೆ. ಅದಕ್ಕೂ ಮೊದಲೇ, ಮಗ ಇನ್ನೂ ದೂರದಲ್ಲಿರುವಾಗಲೇ, ಓಡಿಹೋಗಿ ತಬ್ಬಿಕೊಂಡು ಮುದ್ದಿಟ್ಟಿದ್ದಾನೆ. ಅಂದರೆ ಮಗ ತಪ್ಪೊಪ್ಪಿಕೊಂಡದ್ದು ಅಪ್ಪನ ತೋಳಿನೊಳಗೆ. ನಾನು ಇಡೀ ಕೂಟದಲ್ಲಿ ಹೇಳಬೇಕೆಂದಿರುವುದು ಇದನ್ನೇ. ಪಶ್ಚಾತ್ತಾಪಪಟ್ಟು ದೇವರ ಪ್ರೀತಿ ಗಿಟ್ಟಿಸಿಕೊಳ್ಳುವುದಲ್ಲ. ಪ್ರೀತಿ ಮೊದಲೇ ಬಂದು ಅಪ್ಪಿಕೊಂಡಿರುತ್ತದೆ, ಪಶ್ಚಾತ್ತಾಪದ ಮಾತು ಅಲ್ಲಿ ಬಾಯಿಗೆ ಬರುತ್ತದೆ.

ಒಮ್ಮೆ ಒಬ್ಬ ಕಾಲೇಜು ಹುಡುಗ ಸರಿಯಾದ ಪ್ರಶ್ನೆ ಹಾಕಿದ. 'ಅಂಕಲ್, ಈ ಕಥೆಯಲ್ಲಿ ಶಿಲುಬೆ ಎಲ್ಲಿದೆ? ಅಪ್ಪ ಸುಮ್ನೆ ಕ್ಷಮಿಸಿಬಿಟ್ಟ. ಹಾಗಾದರೆ ಯೇಸು ಸಾಯಬೇಕಿತ್ತಾ?'

ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡ ಪ್ರಶ್ನೆ ಇದು. 11ನೇ ಶತಮಾನದ ಕೊನೆಗೆ ಅನ್ಸೆಲ್ಮ್ ಎಂಬ ದೇವತಾಶಾಸ್ತ್ರಜ್ಞ, ಮನುಷ್ಯ ತೀರಿಸಲಾಗದ ಋಣವನ್ನು ಕ್ರಿಸ್ತನು ತೀರಿಸಿದ ಅಂತ ವಾದಿಸಿದ. 12ನೇ ಶತಮಾನದಲ್ಲಿ ಅಬೆಲಾರ್ಡ್ ಎಂಬ ಇನ್ನೊಬ್ಬ, ಶಿಲುಬೆಯಲ್ಲಿ ಕಾಣುವ ಪ್ರೀತಿಯೇ ನಮ್ಮ ಮನಸ್ಸನ್ನು ತಿರುಗಿಸುತ್ತದೆ ಅಂದ. ಮನೆಕೂಟದಲ್ಲಿ ಈ ಹೆಸರುಗಳನ್ನು ನಾನು ಎತ್ತುವುದಿಲ್ಲ. ಮೋಶೆಯ ಧರ್ಮಶಾಸ್ತ್ರದ ಯಾಜಕಕಾಂಡ 25ನೇ ಅಧ್ಯಾಯಕ್ಕೆ ಹೋಗುತ್ತೇನೆ. ಬಡತನಕ್ಕೆ ಬಿದ್ದವನು ಹೊಲ ಮಾರಿದರೆ ಹತ್ತಿರದ ಸಂಬಂಧಿಕ ಬಂದು ಬಿಡಿಸಿಕೊಡಬೇಕು. ತನ್ನನ್ನೇ ಮಾರಿಕೊಂಡಿದ್ದರೆ ಅವನನ್ನೂ ಬಿಡಿಸಬಹುದು. ಬೈಬಲಿನ ರೂತಳ ಕಥೆಯಲ್ಲಿ ಸಂಬಂಧಿಕನಾದ ಬೋವಜನು ವಿಧವೆ ರೂತಳಿಗೆ ಮಾಡಿದ್ದು ಇದೇ. ಅಡವಿಟ್ಟ ಬಂಗಾರ ಬಿಡಿಸಿ ತಂದವರಿಗೆ ಇದು ಬೇಗ ತಿಳಿಯುತ್ತದೆ. ಸರ ಹೆಂಡತಿಯ ಕೊರಳಿಗೆ ವಾಪಸ್ ಬಂತು ಅಂದರೆ ಯಾರೋ ಕಿಸೆಯಿಂದ ದುಡ್ಡು ಕೊಟ್ಟಿದ್ದಾರೆ ಅಂತಲೇ ಅರ್ಥ, ಅಲ್ವಾ?

ಈಗ ಆ ಅಪ್ಪನ ಲೆಕ್ಕ ನೋಡಿ ಅನ್ನುತ್ತೇನೆ. ಮೂರರಲ್ಲಿ ಒಂದು ಪಾಲು ಹೋಯಿತು, ಅದು ವಾಪಸ್ ಬರಲಿಲ್ಲ. ಊರವರ ಮುಂದೆ ಮಾನ ಹೋಯಿತು. ಆ ವಯಸ್ಸಿನಲ್ಲಿ ಉದ್ದನೆಯ ನಿಲುವಂಗಿ ಎತ್ತಿಕೊಂಡು ಎಲ್ಲರೂ ನೋಡುವಂತೆ ಓಡಿದ. ಮಗ ತಿಂದುಹಾಕಿದ ನಷ್ಟವನ್ನು ಮಗನಿಂದ ವಸೂಲಿ ಮಾಡಲಿಲ್ಲ, ತಾನೇ ನುಂಗಿಕೊಂಡ. ಶಿಲುಬೆಯಲ್ಲಿ ದೇವರು ಮಾಡಿದ್ದು ಇದೇ ಅಂತ ನಾನು ನಂಬುತ್ತೇನೆ. ಸಿಟ್ಟಾದ ದೇವರನ್ನು ಸಮಾಧಾನ ಮಾಡಲು ಬೇರೆ ಯಾರೋ ಬಂದು ಸತ್ತದ್ದಲ್ಲ. ನಷ್ಟ ಹೊತ್ತವನು ದೇವರೇ. ಆ ಹುಡುಗ ಪೂರ್ತಿ ಒಪ್ಪಲಿಲ್ಲ. ಇನ್ನೊಂದು ಸಲ ಮಾತಾಡೋಣ ಅಂಕಲ್ ಅಂದ. ಈಗಲೂ ಮಾತಾಡುತ್ತಿದ್ದೇವೆ.

ಚಹಾ ಬರುವ ಮೊದಲು ಅಣ್ಣನ ಭಾಗ ಮುಗಿಸಲೇಬೇಕು. ಎಷ್ಟೋ ಜನ ಕರು ಕೊಯ್ದಲ್ಲಿಗೆ ನಿಲ್ಲಿಸುತ್ತಾರೆ. ಹಾಗೆ ಮಾಡಬೇಡಿ, ಗಟ್ಟಿ ವಿಷಯ ಇರುವುದು ಅಣ್ಣನ ಭಾಗದಲ್ಲೇ. ಹೊಲದಿಂದ ಬಂದವನು ವಾದ್ಯದ ಸದ್ದು ಕೇಳಿ ಹೊರಗೇ ನಿಂತುಬಿಡುತ್ತಾನೆ. 'ನಿನ್ನ ಈ ಮಗ' ಅನ್ನುತ್ತಾನೆ, ತಮ್ಮ ಅನ್ನುವುದಿಲ್ಲ. ಅಪ್ಪ ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಂಡು, ಮೆಲ್ಲಗೆ 'ನಿನ್ನ ಈ ತಮ್ಮ' ಅಂತ ತಿದ್ದುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ಒಬ್ಬ ಕಾಕಾ ತಡೆಯಲಾಗದೆ ಅಂದುಬಿಟ್ಟರು: 'ದೊಡ್ಡಾಂವ ಹೇಳೂದ್ರಾಗ ತಪ್ಪೇನೈತ್ರಿ? ದುಡದಾಂವ ಅಂವ, ಕರು ತಿಂದಾಂವ ಇಂವ!' ಎಲ್ಲರೂ ನಕ್ಕರು. ಆದರೆ ಕಾಕಾ ನಗಲಿಲ್ಲ. ಅವರದ್ದೇ ಮನೆಯ ವಾಟ್ನಿ ಜಗಳ ನನಗೆ ಗೊತ್ತಿತ್ತು. ಅವರಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಉಳಿದ ಆಸ್ತಿಯೆಲ್ಲ ದೊಡ್ಡವನದ್ದೇ ಅಂತ ಅಪ್ಪನೇ ಹೇಳುತ್ತಾನೆ, ಹಾಗಾಗಿ ಆ ಕರು ಲೆಕ್ಕಕ್ಕೆ ಅವನದ್ದೂ ಹೌದು, ನಿಮ್ಮ ಸಿಟ್ಟು ಖರೇನೇ ಐತಿ ಕಾಕಾ ಅಂದೆ. ದೊಡ್ಡವನು ಒಳಗೆ ಹೋದನೋ ಇಲ್ಲವೋ ಯೇಸು ಹೇಳಲಿಲ್ಲ. ನಾನೂ ಹೇಳುವುದಿಲ್ಲ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೀಗೆ ಪುಕ್ಕಟೆ ಕ್ಷಮಿಸಿದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದಲ್ಲ? ಇದಕ್ಕೆ ಆ ದಿನವೇ ಉತ್ತರ ಕೊಡುವುದಿಲ್ಲ, ಮುಂದಿನ ಕೂಟಕ್ಕೆ ಲೂಕ 19 ಓದಿಕೊಂಡು ಬನ್ನಿ ಅನ್ನುತ್ತೇನೆ. ಅಲ್ಲಿ ಜಕ್ಕಾಯನಿದ್ದಾನೆ, ಯೆರಿಕೋವಿನ ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಗೆ ಬರುತ್ತೇನೆ ಅಂದದ್ದು ಮೊದಲು. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಅಂತ ಜಕ್ಕಾಯ ಹೇಳಿದ್ದು ಆಮೇಲೆ.