ಬ್ರೆಡ್ ಇಲ್ಲದ ಚೆಸ್ಟ್‌ನಟ್ ಕೋಳಿ

ಇಲ್ಲಿ ನ್ಯೂಜೆರ್ಸಿಯಲ್ಲಿ ನವೆಂಬರ್ ಬಂತು ಅಂದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ಅಂಗಡಿಗಳಲ್ಲಿ ಟರ್ಕಿ ಕೋಳಿಯ ಪಕ್ಕದಲ್ಲೇ ಒಣ ಬ್ರೆಡ್ ತುಂಡುಗಳ ಚೀಲಗಳು ಬಂದು ಕೂರುತ್ತವೆ. ಕೋಳಿಯ ಹೊಟ್ಟೆಗೆ ತುಂಬುವುದು ಅದನ್ನೇ. ಹಲಸಿನ ಬೀಜದ ಹಾಗೆ ಸುಟ್ಟು ತಿನ್ನುವ ಚೆಸ್ಟ್‌ನಟ್ ಕಾಯಿ ಹಾಕಿದರೂ ಬ್ರೆಡ್ ನಡುವೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ ಅಷ್ಟೆ. ನನಗೆ ಅದು ರುಚಿಸಲಿಲ್ಲ. ಹಳೆಯ ಕಾಲದವರು ಹೇಗೆ ಮಾಡುತ್ತಿದ್ದರು ಅಂತ ಹುಡುಕಿದಾಗ, ಹನ್ನಾ ಗ್ಲಾಸ್ 1747ರಲ್ಲಿ ಲಂಡನ್ನಿನಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಚೆಸ್ಟ್‌ನಟ್ ತುಂಬಿದ ಕೋಳಿ ಸಿಕ್ಕಿತು. ಅದರಲ್ಲಿ ಬ್ರೆಡ್ಡೇ ಇಲ್ಲ. ಈಗ ನಾನು ಮಾಡುವುದು ಅದನ್ನೇ.

ಕೆಲಸವೆಲ್ಲ ಇರುವುದು ಸಿಪ್ಪೆಯಲ್ಲಿ. ಪ್ರತಿ ಕಾಯಿಯ ಉಬ್ಬಿದ ಕಡೆ ಚಾಕುವಿನಿಂದ ಸೀಳಬೇಕು, ಇಲ್ಲದಿದ್ದರೆ ಓವನ್‌ನಲ್ಲಿ ಸಿಡಿಯುತ್ತದೆ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಸುಟ್ಟು, ತಕ್ಷಣ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಹೊರಗಿನ ಸಿಪ್ಪೆ ಸುಲಭವಾಗಿ ಬರುತ್ತದೆ. ಒಳಗೆ ಹಲಸಿನ ಬೀಜಕ್ಕಿರುವ ಹಾಗೆ ಇನ್ನೊಂದು ಕಂದು ಸಿಪ್ಪೆ ಇದೆ, ಅದೇ ತಲೆನೋವು. ಕಾಯಿಯ ಮಡಿಕೆಗಳ ಒಳಗೂ ಅಂಟಿಕೊಂಡಿರುತ್ತದೆ, ಬಿಟ್ಟರೆ ಒಗರು. ಬಿಸಿ ಇರುವಾಗಲೇ ತೆಗೆಯಬೇಕು. ಬೆರಳು ಸುಟ್ಟರೂ ಬೇರೆ ದಾರಿಯಿಲ್ಲ.

ಒಂದು ಡಜನ್ ಚೆಸ್ಟ್‌ನಟ್‌ಗಳನ್ನು ಸಣ್ಣಗೆ ಹೆಚ್ಚಿ ಕುಟ್ಟಾಣಿಯಲ್ಲಿ ಜಜ್ಜುತ್ತೇನೆ. ಅರ್ಧ ಬೆಂದ ಕೋಳಿಯ ಈಲಿ, ಕಾಲು ಪೌಂಡ್, ಅಂದರೆ ಸುಮಾರು 113 ಗ್ರಾಂ ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸ), ಇವೆರಡನ್ನೂ ಹಾಗೇ ಜಜ್ಜಿ ಸೇರಿಸುವುದು. ಆಮೇಲೆ ಧಾರಾಳವಾಗಿ ಪಾರ್ಸ್ಲಿ ಸೊಪ್ಪು, ಜಾಪತ್ರೆ, ಜಾಯಿಕಾಯಿ, ಕಾಳುಮೆಣಸು, ಉಪ್ಪು. ನಮ್ಮ ಮಸಾಲೆ ಡಬ್ಬಿಯಲ್ಲೇ ಅರ್ಧ ಸಾಮಾನು ಸಿಗುತ್ತದೆ, ಅಲ್ವಾ? ಚೆಸ್ಟ್‌ನಟ್‌ನಲ್ಲಿ ಕೊಬ್ಬು ತೀರಾ ಕಡಿಮೆ, ಪಿಷ್ಟವೇ ಜಾಸ್ತಿ. ಹಾಗಾಗಿ ಬೇಕನ್ನಿನ ಜಿಡ್ಡನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಬ್ರೆಡ್ ಮಾಡುವ ಕೆಲಸವೇ ಇದು, ಆದರೆ ಮುದ್ದೆಯಾಗುವುದಿಲ್ಲ, ಸ್ವಲ್ಪ ಸಿಹಿಯೂ ಇರುತ್ತದೆ.

ಗ್ಲಾಸ್ ಹೇಳುವ ಪ್ರಕಾರ ಕೋಳಿಯ ಕತ್ತು ಕಟ್ಟಿ, ಕಾಲಿಗೆ ದಾರ ಹಾಕಿ ಬೆಂಕಿಯ ಮುಂದೆ ನೇತುಹಾಕಬೇಕು. ತಲೆಕೆಳಗಾದ್ದರಿಂದ ಹೂರಣ ಹೊರಗೆ ಬೀಳುವುದಿಲ್ಲ. ನಾನು ಓವನ್‌ನಲ್ಲೇ ಇಡುತ್ತೇನೆ. ಒತ್ತಿ ತುಂಬುವುದಿಲ್ಲ. ಹೂರಣದ ನಡುಮಧ್ಯೆ ಥರ್ಮಾಮೀಟರ್ 74 ಡಿಗ್ರಿ ತೋರಿಸುವವರೆಗೂ ತೆಗೆಯುವುದಿಲ್ಲ. ಅರ್ಧ ಬೆಂದ ಈಲಿ, ಕೋಳಿ ರಸ ಎಲ್ಲ ಇರುವ ಕಡೆ ಅಂದಾಜು ನಡೆಯುವುದಿಲ್ಲ.

ಹೀಗೆ ಚೆಸ್ಟ್‌ನಟ್ ತುಂಬುವುದು ಗ್ಲಾಸ್‌ಗಿಂತಲೂ ಹಿಂದಿನದು. 14ನೇ ಶತಮಾನದ ಕೊನೆಯ ಪ್ಯಾರಿಸ್‌ನ ಒಂದು ಮನೆವಾರ್ತೆ ಪುಸ್ತಕದಲ್ಲಿ ಹಂದಿಮರಿಗೆ ಚೆಸ್ಟ್‌ನಟ್, ಮೊಟ್ಟೆ, ಚೀಸ್ ತುಂಬುವ ವಿಧಾನವಿದೆ. ಫ್ರಾನ್ಸಿನ ಸೆವೆನ್ (Cévennes) ಎಂಬ ಬೆಟ್ಟಪ್ರದೇಶದಂಥ ಕಡೆ ಗೋಧಿ ಸರಿಯಾಗಿ ಬೆಳೆಯುತ್ತಿರಲಿಲ್ಲ. ಅಲ್ಲಿ ಬಡವರ ಹೊಟ್ಟೆ ತುಂಬಿಸಿದ್ದು ಚೆಸ್ಟ್‌ನಟ್ ಮರವೇ. ಟರ್ಕಿ ಕೋಳಿ ಮೆಕ್ಸಿಕೋದಿಂದ ಯುರೋಪಿಗೆ ಹೋದದ್ದು 16ನೇ ಶತಮಾನದಲ್ಲಿ. ಫ್ರಾನ್ಸಿನಲ್ಲಿ ಇವತ್ತಿಗೂ ಕ್ರಿಸ್‌ಮಸ್ ಟರ್ಕಿ ಜೊತೆ ಚೆಸ್ಟ್‌ನಟ್ ಬೇಕೇ ಬೇಕು.

ಅಮೆರಿಕಕ್ಕೂ ತನ್ನದೇ ಚೆಸ್ಟ್‌ನಟ್ ಮರ ಇತ್ತು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳಲ್ಲಿ ಏಷ್ಯಾದಿಂದ ಬಂದ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಅರ್ಧ ಶತಮಾನದೊಳಗೆ 300–400 ಕೋಟಿ ಮರಗಳು ಹೋದವು ಅನ್ನುವುದು ಅಂದಾಜು. ಹಾಗಾಗಿ ನಾನು ಕೊಳ್ಳುವುದು ಇಟಲಿಯಿಂದ ಬಂದದ್ದನ್ನು. ತೂಕವಾಗಿ, ಒತ್ತಿದರೆ ಗಟ್ಟಿಯಾಗಿರಬೇಕು. ಅಲ್ಲಾಡಿಸಿದಾಗ ಒಳಗೆ ಗಲಗಲ ಅಂದರೆ ಒಣಗಿದೆ ಅಂತಲೇ ಲೆಕ್ಕ.

ಸಿಪ್ಪೆ ತೆಗೆದ ಪ್ಯಾಕೆಟ್ಟೂ ಸಿಗುತ್ತದೆ. ಅದರಲ್ಲಿ ಆಗಷ್ಟೇ ಸುಟ್ಟ ಘಮ ಇರುವುದಿಲ್ಲ. ಅದನ್ನು ನಾನು ಗ್ರೇವಿಗೆ ಮಾತ್ರ ಹಾಕುತ್ತೇನೆ, ಸ್ವಲ್ಪ ಬಿಳಿ ವೈನ್, ಹಿಟ್ಟಿನಲ್ಲಿ ಹೊರಳಿಸಿದ ಬೆಣ್ಣೆಯ ಜೊತೆ.