1870ರ ಗೋಡೆ ದಾಟಿ: ಬಿಡುಗಡೆಯಾದ ಗುಲಾಮ ಕುಟುಂಬದ ಜಾಡು ಹಿಡಿಯುವ ಬಗೆ

ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾದಾಗ ಅಮೆರಿಕದಲ್ಲಿ ಸುಮಾರು 40 ಲಕ್ಷ ಜನ ಸ್ವತಂತ್ರರಾದರು. ಅವರಲ್ಲಿ ಬಹುಪಾಲು ಮಂದಿಯ ಹೆಸರು ಜನಗಣತಿಗೆ ಏರಿದ್ದು 1870ರಲ್ಲೇ ಮೊದಲು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಅದರ ಕೆಳಗೆ ಆಳುಗಳ ವಯಸ್ಸು, ಲಿಂಗ, ಮೈಬಣ್ಣ ಮಾತ್ರ. ಹೆಸರು ಇಲ್ಲವೆಂದೇ ಹೇಳಬೇಕು. ಹಾಗಾಗಿ ಕುಟುಂಬದ ಹೆಸರಿನಷ್ಟೇ ಒಡೆಯನ ಹೆಸರೂ ಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಕಾಗದಗಳು ಹೆಚ್ಚಾಗಿ ಸಿಗುವುದು ಯುದ್ಧಾನಂತರದ ಪುನರ್‌ನಿರ್ಮಾಣದ ವರ್ಷಗಳಲ್ಲಿ.

ಮೊದಲು 1880ರ ಗಣತಿ ತೆಗೆಯಿರಿ, ಆಮೇಲೆ 1870ರದು. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂಬ ಕಲಂ ಬಂದದ್ದು 1880ರಲ್ಲಿ. 1870ರ ಹಾಳೆಯಲ್ಲಿ ಒಂದೇ ಮನೆಯ ಗಂಡಸು ಹೆಂಗಸನ್ನು ಗಂಡ ಹೆಂಡತಿ ಎಂದುಕೊಂಡರೆ ಎಡವುತ್ತೀರಿ. ಅಣ್ಣ ತಂಗಿಯೂ ಇರಬಹುದು. ಹಿಂದೆ ಮುಂದೆ ಹತ್ತು ಹತ್ತು ಮನೆಗಳನ್ನೂ ಬರೆದುಕೊಳ್ಳಿ. ಬಿಡುಗಡೆಯಾದವರಲ್ಲಿ ಅನೇಕರು ಹಳೆಯ ತೋಟದ ಆಸುಪಾಸಿನಲ್ಲೇ ಉಳಿದರು. 8ನೇ ಕಲಂನಲ್ಲಿ ದೊಡ್ಡ ಜಮೀನಿನ ಮೌಲ್ಯವಿರುವ ಬಿಳಿಯ ನೆರೆಯವನು ಒಡೆಯನಾಗಿದ್ದಿರಬಹುದು, ಅಷ್ಟೇ. 10ನೇ ಕಲಂನ ಮಕ್ಕಳ ಹುಟ್ಟೂರು ರಾಜ್ಯವನ್ನೂ ನೋಡಿ. ಯುದ್ಧದ ಸಮಯದಲ್ಲಿ ಉತ್ತರದ ಒಕ್ಕೂಟದ ಸೇನೆಗೆ ಹೆದರಿ ಎಷ್ಟೋ ಒಡೆಯರು ಆಳುಗಳನ್ನು ಟೆಕ್ಸಾಸ್‌ಗೆ ಸಾಗಿಸಿದ್ದರು. ದೊಡ್ಡ ಮಗು ಲೂಸಿಯಾನಾದಲ್ಲಿ, ಚಿಕ್ಕದು ಟೆಕ್ಸಾಸ್‌ನಲ್ಲಿ ಹುಟ್ಟಿದ್ದರೆ ಹುಡುಕಬೇಕಾದ ಕೌಂಟಿಯೇ (ನಮ್ಮ ಜಿಲ್ಲೆಯಂಥ ವಿಭಾಗ) ಬೇರೆ.

ಮುಂದೆ ಫ್ರೀಡ್‌ಮೆನ್ಸ್ ಬ್ಯೂರೋ, ಬಿಡುಗಡೆಯಾದವರ ನೆರವಿಗೆ ಸರ್ಕಾರ ತೆರೆದ ಇಲಾಖೆ. 1865ರ ಮಾರ್ಚ್ 3ರಂದು ಹುಟ್ಟಿ 1872ರವರೆಗೆ ನಡೆದ ಈ ಇಲಾಖೆಯ ಕಡತಗಳು ನ್ಯಾಷನಲ್ ಆರ್ಕೈವ್ಸ್‌ನ ರೆಕಾರ್ಡ್ ಗ್ರೂಪ್ 105ರಲ್ಲಿವೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಹೆಸರು ಹಾಕಿ ಹುಡುಕಿ ಸಿಗದಿದ್ದರೆ ಕೈಬಿಡಬೇಡಿ. ರಾಜ್ಯ, ಆಮೇಲೆ ಸ್ಥಳೀಯ ಕಚೇರಿ ಆರಿಸಿ, ಪುಟ ಪುಟ ತಿರುವಿ. ಕೂಲಿ ಕರಾರುಗಳಲ್ಲಿ ಭೂಮಾಲೀಕನ ಹೆಸರು ಮೇಲಿರುತ್ತದೆ, ಕೂಲಿಯವರದು ಕೆಳಗೆ ಸಾಲಾಗಿ, ಪಕ್ಕದಲ್ಲಿ ಸಹಿಯ ಬದಲು ಗುಣಾಕಾರ ಚಿಹ್ನೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದರಿಂದ ಒಂದೇ ಹೆಸರಿಗೆ ನಾಲ್ಕು ಕಾಗುಣಿತ ಇರುವುದುಂಟು. ಕರಾರು ಮಾಡಿಕೊಂಡವನೇ ಹಳೆಯ ಒಡೆಯ ಎಂದೂ ತೀರ್ಮಾನಿಸಬೇಡಿ.

ಇದಕ್ಕಿಂತ ಬೆಲೆಬಾಳುವುದು ಬಿಡುಗಡೆಯಾದವರಿಗಾಗಿ ತೆರೆದ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕಿನ ಸಹಿ ಪುಸ್ತಕ. ಬ್ಯಾಂಕು 1874ರಲ್ಲಿ ಮುಳುಗಿ ಸುಮಾರು 61,000 ಠೇವಣಿದಾರರ ಹಣ ಸಿಕ್ಕಿಬಿದ್ದಿತು. ಆದರೆ ಖಾತೆ ತೆರೆಯುವಾಗ ಕೇಳಿದ ಪ್ರಶ್ನೆಗಳು ಉಳಿದವು. ಹುಟ್ಟಿದ ಊರು, ಬೆಳೆದ ಊರು, ತಂದೆ, ತಾಯಿ, ಒಡಹುಟ್ಟಿದವರು, ಮೊದಮೊದಲ ನಮೂನೆಗಳಲ್ಲಿ ಹಳೆಯ ಒಡೆಯನ ಹೆಸರು ಕೂಡ. ಮಾರಿಹೋದ ತಮ್ಮನ ಸುದ್ದಿಯೂ ಒಮ್ಮೊಮ್ಮೆ ಇಲ್ಲೇ ಸಿಗುತ್ತದೆ. 1867ರ ಮತದಾರರ ನೋಂದಣಿ ಉಳಿದಿರುವ ಕಡೆ ಅದನ್ನೂ ಒಮ್ಮೆ ನೋಡಿ; ಅದರಲ್ಲಿ ಗಂಡಸರು ಮಾತ್ರ.

ಅತಿ ಹೆಚ್ಚು ದಾರಿ ತಪ್ಪಿಸುವುದು ಅಡ್ಡಹೆಸರು. ಕೊನೆಯ ಒಡೆಯನ ಅಡ್ಡಹೆಸರನ್ನೇ ಎಲ್ಲರೂ ಇಟ್ಟುಕೊಳ್ಳಲಿಲ್ಲ. ಹಿಂದಿನ ಒಡೆಯನದು, ತಂದೆಯದು, ತಾವೇ ಆರಿಸಿದ್ದು, ಯಾವುದೂ ಆಗಬಹುದು. ಕೌಂಟಿ ಗಡಿಗಳೂ ಬದಲಾದವು: ಅಲಬಾಮಾದ ಲೀ ಕೌಂಟಿ ಹುಟ್ಟಿದ್ದೇ 1866ರಲ್ಲಿ, ಅದಕ್ಕಿಂತ ಹಿಂದಿನ ದಾಖಲೆ ಅದರ ಮೂಲ ಕೌಂಟಿಗಳಲ್ಲಿದೆ.

ಒಡೆಯ ಇವನೇ ಇರಬೇಕು ಅನ್ನಿಸಿದ ಮೇಲೆ 1860ರ ಪಟ್ಟಿಗೆ ಹೋಗಿ, 1870ರ ವಯಸ್ಸಿನಿಂದ 10 ಕಳೆದು ತಾಳೆ ನೋಡಿ. ವಯಸ್ಸನ್ನು ಅಂದಾಜಿನಲ್ಲಿ ಬರೆಯುತ್ತಿದ್ದರು, ಎರಡು ಮೂರು ವರ್ಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಈ ತಾಳೆ ಪುರಾವೆಯಲ್ಲ. ಪುರಾವೆ ಇರುವುದು ಕೌಂಟಿ ನ್ಯಾಯಾಲಯದಲ್ಲಿ: ಒಡೆಯ ಸತ್ತಾಗ ಮಾಡಿದ ಆಸ್ತಿ ಪಟ್ಟಿಯಲ್ಲಿ ಹಸು, ನೇಗಿಲುಗಳ ಜೊತೆ ಆಳುಗಳ ಹೆಸರು, ಡಾಲರ್ ಲೆಕ್ಕದ ಬೆಲೆ ಇರುತ್ತವೆ. ಒಂದು ಹೆಸರು ಹೊಂದಿದರೆ ಸಾಲದು. ತಾಯಿ ಮತ್ತು ಎರಡು ಮೂರು ಮಕ್ಕಳ ಹೆಸರು ಒಟ್ಟಿಗೆ ಹೊಂದಬೇಕು. ಅವರನ್ನು ಯಾವ ವಾರಸುದಾರನ ಪಾಲಿಗೆ ಹಾಕಿದರೆಂದು ಗುರುತು ಮಾಡಿಕೊಳ್ಳಿ. ಮುಂದಿನ ಹುಡುಕಾಟ ಆ ಹೆಸರಿನಲ್ಲಿ.